ಬೆನ್ನಿನ ಸೀಳು

ಚಿಕ್ಕಮ್ಮನ ಅಂಗಡಿಯಲ್ಲಿ ಹೊಲಿಗೆ ಕಲಿಯುತ್ತಿದ್ದ ಹುಡುಗಿ, ಗಿರಾಕಿಯ ಕೋಟಿನ ಬೆನ್ನಲ್ಲಿದ್ದ ಎರಡು ಸೀಳುಗಳನ್ನು ಹರಿದದ್ದೆಂದು ತಿಳಿದು ಹೊಲಿದುಬಿಟ್ಟಿದ್ದಳು.

ಕೋಟು ತೊಟ್ಟ ಮುದುಕರು ಕನ್ನಡಿಯ ಮುಂದೆ ಚಡಪಡಿಸಿದರು. “ಏನಮ್ಮಾ, ನನ್ನ ರೆಕ್ಕೆ ಜೇಬಿನಿಂದ ಹೊರಗೆ ಬರಬೇಕಾ?” ಬಟ್ಟೆಯೊಳಗೆ ಏನೋ ಪಟಪಟನೆ ಬಡಿಯಿತು.

“ಚಿಕ್ಕಮ್ಮಾ, ತಮಾಷೆ ಮಾಡ್ತಿದಾರಾ ಇವರು?”

“ತಮಾಷೆನೂ ಇಲ್ಲ, ಗಿಮಾಷೆನೂ ಇಲ್ಲ. ಬಿಚ್ಚೇ ಹೊಲಿಗೆ!”

ನೂಲು ಬಿಚ್ಚುತ್ತಿದ್ದ ಹುಡುಗಿಯ ಕೈ ತಟ್ಟನೆ ನಿಂತಿತು. ಅವಳು ತೊಟ್ಟಿದ್ದು ಅಮ್ಮನ ಹಳೆಯ ಅಂಗಿ. ಅದರ ಬೆನ್ನಲ್ಲೂ ಇಂಥವೇ ಎರಡು ಹೊಲಿಗೆಗಳಿದ್ದವು.

“ಅಮ್ಮನಿಗೂ ಇತ್ತಾ? ಹಾಗಾದ್ರೆ ನಂಗೆ?”

“ಬೆಳಿಗ್ಗೆಯಿಂದ ಬೆನ್ನು ಕೆರ್ಕೊಳ್ತಾ ಇದೀಯಲ್ಲ, ನೀನೇ ಹೇಳು,” ಎಂದಳು ಚಿಕ್ಕಮ್ಮ.

ಹೆದರಬೇಕೋ ನಗಬೇಕೋ ತೋಚದೆ ಹುಡುಗಿ ಕೈ ಹಿಂದೆ ಚಾಚಿ ಬೆನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಕತ್ತರಿಯನ್ನು ಚಿಕ್ಕಮ್ಮನ ಕೈಗಿತ್ತು, ಬೆನ್ನು ತಿರುಗಿಸಿದಳು.