ಗೆರೆ ಎಳೆಯದ ಪುಟ

ಅಂಗಡಿಯ ಬೀಗದ ಕೈ ಊಟದ ಮೇಜಿನ ನಡುವೆ ಬಿದ್ದಿತ್ತು. ಅದು ತಾತನ ಜೇಬಿಗೆ ಹೋಗಬೇಕೋ ಅಣ್ಣನ ಕೈಗೋ ಎನ್ನುವುದು ಆ ಭಾನುವಾರ ನನ್ನ ಡೈರಿಯ ಮೇಲೆ ನಿಂತಿತ್ತು.

ಮನೆಯ ಕೆಳಗೇ ತಾತನ ಗಡಿಯಾರ ರಿಪೇರಿ ಅಂಗಡಿ. ಅವರಿಗೆ ಮರೆವು ಹೆಚ್ಚಾಗಿದೆ, ಮುಚ್ಚಿಸಲೇಬೇಕು ಎಂದು ಅಣ್ಣನ ಹಟ. ಹಿಂದಿನ ದಿನ ನನ್ನ ಪಕ್ಕ ಕೂತು, "ಡೈರಿಯಲ್ಲಿ ತಾತನ ಎಡವಟ್ಟುಗಳ ಕೆಳಗಷ್ಟೇ ಗೆರೆ ಎಳಿ, ನಾಳೆ ಅದನ್ನಷ್ಟೇ ಓದು. ಸುಳ್ಳು ಹೇಳು ಅಂತಿಲ್ವಲ್ಲ" ಎಂದಿದ್ದ. ಎಳೆದಿದ್ದೆ.

"ಓದು ಮಹರಾಯ್ತಿ, ಬಾಯಿ ಬಿಟ್ರೆ ಮುತ್ತೇನೂ ಉದುರಲ್ಲ" ಎಂದು ಅಣ್ಣ ಅವಸರಪಡಿಸಿದ.

ಓದಿದೆ. "ಮೂರನೇ ತಾರೀಖು, ತಾತ ಅಂಗಡಿ ತೆರೆದೇ ಬಿಟ್ಟು ಹೋದರು. ಒಂಬತ್ತು, ಗಿರಾಕಿಯ ವಾಚನ್ನು ಹೇಳಿದ ದಿನ ಕೊಡಲಿಲ್ಲ. ಹದಿನಾಲ್ಕು, ನನ್ನನ್ನು ಅತ್ತೆಯ ಹೆಸರಿನಿಂದ ಕರೆದರು."

"ಕೇಳಿಸ್ತಾ ಅಮ್ಮಾ? ನಾನು ಹೇಳಿದ್ರೆ ದೊಡ್ಡದು ಮಾಡ್ತೀಯ ಅಂತಿದ್ದೆ. ಒಂದಿನ ಏನಾದ್ರೂ ಆಗ್ಹೋದ್ರೆ?" ಅಣ್ಣನ ದನಿ ನಡುಗಿತು. ಅವನ ಭಯ ನಾಟಕವಲ್ಲ.

ತಾತ ಕನ್ನಡಕ ಒರೆಸಿಕೊಂಡರು. "ಎಲ್ಲಾ ನಿಜಾನೇ ಕಣಪ್ಪಾ. ಪುಟ್ಟಿ ಸುಳ್ಳು ಬರೆಯೋಳಲ್ಲ." ಬೀಗದ ಕೈಯನ್ನು ಅಣ್ಣನ ಕಡೆಗೆ ಸರಿಸಿದರು.

ನಾನು ಡೈರಿಯನ್ನು ಮತ್ತೆ ಮೂರನೇ ತಾರೀಖಿಗೆ ತಿರುಗಿಸಿದೆ. "ಅಷ್ಟೇ ಅಲ್ಲ, ಇನ್ನೂ ಬರೆದಿದೀನಿ" ಎಂದು ಗೆರೆಯ ಆಚೆಯದನ್ನೂ ಓದಿದೆ. "ಅಂಗಡಿ ತೆರೆದೇ ಬಿಟ್ಟು ಹೋದರು. ಮೆಟ್ಟಿಲಲ್ಲಿ ಬಿದ್ದ ಎದುರುಮನೆ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಲು ಓಡಿದ್ದರು. ವಾಚನ್ನು ಕೊಡಲಿಲ್ಲ. ಇನ್ನೂ ಎರಡು ನಿಮಿಷ ಹಿಂದೆ ಓಡುತ್ತಿದೆ, ಹೀಗೇ ಕೊಡೋಕೆ ಮನಸ್ಸಿಲ್ಲ ಅಂದರು. ಅತ್ತೆಯ ಹೆಸರಿನಿಂದ ಕರೆದರು. ಅದೇ ಸಂಜೆ ಅಮ್ಮನೂ ಹಾಗೇ ಕರೆದಳು."

"ಹಾಗಾದ್ರೆ ನನ್ನನ್ನೂ ಮೂಲೆಗೆ ಕೂರಿಸಪ್ಪ" ಎಂದು ಅಮ್ಮ ಅಣ್ಣನನ್ನು ಕೆಣಕಿದಳು.

ತಾತನ ಮುಖ ಅರಳಿತು. ಅಲ್ಲಿಗೇ ಡೈರಿ ಮುಚ್ಚಬಹುದಿತ್ತು. ಆದರೆ ತಾತನಿಗೆ ಮಾತು ಕೊಟ್ಟು ಗೆರೆ ಎಳೆಯದೇ ಬಿಟ್ಟ ಪುಟ ಒಂದಿತ್ತು. ಅದನ್ನು ನುಂಗಿಕೊಂಡರೆ ಅಣ್ಣ ಮಾಡಿಸಿದ್ದನ್ನೇ ನಾನೂ ಮಾಡಿದ ಹಾಗೆ.

"ಇಪ್ಪತ್ತೊಂದು. ಅಂಗಡಿಯ ಹಿಂದೆ ಸ್ಟೋವ್ ಉರಿಯುತ್ತಲೇ ಇತ್ತು. ಟೀ ಪಾತ್ರೆ ಕರಕಲಾಗಿತ್ತು. ಯಾರಿಗೂ ಹೇಳಬೇಡ ಅಂದರು."

ಅಣ್ಣ ಎದ್ದು ತಾತನ ಪಕ್ಕ ಕೂತ. "ನಂಗೆ ಭಯ ಇದ್ದಿದ್ದು ಇಂಥದ್ದಕ್ಕೇ. ಅಂಗಡಿ ಇರ್ಲಿ ತಾತಾ. ಸ್ಟೋವ್ ಮಾತ್ರ ಮೇಲೆ ತರ್ತೀನಿ."

"ಮತ್ತೆ ನನ್ನ ಟೀ?"

"ಪುಟ್ಟಿ ಫ್ಲಾಸ್ಕಲ್ಲಿ ತಂದ್ಕೊಡ್ತಾಳೆ."

"ಹೊತ್ತಿಗೆ ಸರಿಯಾಗಿ ತರೋಕೆ ಹೇಳು" ಎಂದು ತಾತ ನನ್ನತ್ತ ನೋಡದೆಯೇ ಬೀಗದ ಕೈಯನ್ನು ಜೇಬಿಗೆ ಇಳಿಸಿದರು.

ಅವರು ನನ್ನೊಡನೆ ಮಾತಾಡಲು ಎರಡು ದಿನ ಹಿಡಿಯಿತು. ಅದನ್ನೂ ಬರೆದಿಟ್ಟಿದ್ದೇನೆ.