ಒಂದೇ ಕಿವಿಯ ಪ್ರತಿ

ಅವನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಜನರ ಫೋನ್ ಕದ್ದು ಕೇಳುವುದೇ ಅವನ ಸರ್ಕಾರಿ ಕೆಲಸ.

"ಹಾಕ್ಕೋ," ಎಂದು ಮೇಲ್ವಿಚಾರಕರು ಹೆಡ್‌ಫೋನನ್ನು ಅವನತ್ತ ತಳ್ಳಿದರು. ಹಿಂದೆ ಶಾಲೆಯಲ್ಲಿ ಪಾಠ ಹೇಳಿದ್ದವರು, ಹಾಗಾಗಿ ಇಡೀ ಕಚೇರಿಗೆ ಮೇಷ್ಟ್ರು. "ನಿನ್ನೆ ರೇಡಿಯೋದವರು ಊರಿಗೆಲ್ಲ ಕೇಳಿಸಿದ್ರಲ್ಲ, ಅದು."

ಅವನು ಹಾಕಿಕೊಳ್ಳಲಿಲ್ಲ. ಅದರಲ್ಲೇನಿದೆ ಎಂದು ಗೊತ್ತಿತ್ತು. ಮಗ ಕಾಣೆಯಾಗಿದ್ದ ತಾಯಿಯೊಬ್ಬಳು ಹದಿನಾಲ್ಕು ತಿಂಗಳಿಂದ ದಿನಾ ಪೊಲೀಸ್ ಠಾಣೆಗೆ ಫೋನ್ ಮಾಡುತ್ತಿದ್ದಳು. ಅವರು ದಿನಾ "ಹುಡುಕ್ತಾ ಇದ್ದೀವಮ್ಮ, ಸ್ವಲ್ಪ ಇರಿ" ಎಂದು ಸಂಗೀತದ ಗುಂಡಿ ಒತ್ತುತ್ತಿದ್ದರು. ಸಂಗೀತ ಅವಳಿಗೆ ಮಾತ್ರ; ಕದ್ದು ಕೇಳುವ ಯಂತ್ರಕ್ಕೆ ಠಾಣೆಯ ಕೋಣೆಯೇ ಕೇಳುತ್ತಿತ್ತು. ಎರಡು ತಿಂಗಳ ಹಿಂದೆ ಒಂದು ದಿನ ಅಲ್ಲಿ ಒಬ್ಬ, "ಎರಡನೇ ವಾರದಲ್ಲೇ ಲಾಕಪ್ಪಲ್ಲಿ ಸತ್ತ ಅಂತ ಹೇಳಿಬಿಟ್ರೆ ಆಗಲ್ವಾ?" ಎಂದ. "ಬೇಡವಂತೆ. ಅವಳಿಗೆ ಯಾರ್ಯಾರು ಫೋನ್ ಮಾಡ್ತಾರೆ ಅಂತ ನೋಡ್ಬೇಕಂತೆ," ಎಂದ ಇನ್ನೊಬ್ಬ. ಅದನ್ನು ಪ್ರತಿ ಮಾಡಿ ರೇಡಿಯೋಗೆ ಕಳಿಸಿದವನು ಇವನೇ.

"ಎಡಗಡೆ ಏನೂ ಇಲ್ಲ ಕಣಯ್ಯ," ಮೇಷ್ಟ್ರು ದನಿ ತಗ್ಗಿಸಿದರು. "ಆ ತಾಯಿ ಮಾತಾಡೋದೂ ಬಲಗಡೆಗೇ ಬರ್ತಿದೆ."

ಫೋನ್ ಮಾಡಿದವರ ದನಿ ಎಡಕ್ಕೆ, ಎತ್ತಿದವರದ್ದು ಬಲಕ್ಕೆ. ಅದು ಆ ಕಚೇರಿಯ ಪದ್ಧತಿ. ಹನ್ನೆರಡು ಯಂತ್ರಗಳಲ್ಲಿ ಅವನದೊಂದರಲ್ಲಿ ಮಾತ್ರ ಎರಡೂ ದನಿ ಬಲಕ್ಕೇ ಬರುವಂತೆ ಮಾಡಿಕೊಂಡಿದ್ದ. ಅದರಿಂದ ತೆಗೆದ ಪ್ರತಿಯೂ ಹಾಗೇ ಬರುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಕಳಿಸುವ ಮುಂಚೆ ಮೂರು ಸಲ ಕೇಳಿ ನೋಡಿದ್ದ. ಎಲ್ಲ ಸರಿಯಾಗಿಯೇ ಕೇಳಿಸಿತ್ತು.

"ಮೂರು ಗಂಟೆಗೆ ತನಿಖೆಯವರು ಬರ್ತಾರೆ. ಅವರಿಗೆ ಎರಡೂ ಕಿವಿ ಚೆನ್ನಾಗಿವೆ. ನಿನ್ನ ಕಿವಿ ಪರೀಕ್ಷೆ ಪಾಸು ಅಂತ ಸಹಿ ಹಾಕಿದ್ದು ನಾನು. ನನ್ನ ನಿವೃತ್ತಿಗೆ ನಾಲ್ಕೇ ತಿಂಗಳು. ಇದಕ್ಕೆ ದ್ರೋಹ ಅಂತಾರೆ."

"ಯಾರಿಗೆ ದ್ರೋಹ ಮೇಷ್ಟ್ರೇ? ಸರ್ಕಾರಕ್ಕಾ?"

"ಸರ್ಕಾರ ಹಾಳಾಗ್ಲಿ. ನನಗೆ."

ಅವನು ಹೆಡ್‌ಫೋನನ್ನು ಬದಿಗೆ ಸರಿಸಿ ಹೇಳಿದ: "ಕನ್ನಡಕ ಇಲ್ದೆ ಮಗನಿಗೆ ಕಣ್ಣು ಕಾಣಲ್ಲ, ಸಿಕ್ಕಿದ ತಕ್ಷಣ ಹೇಳಿ, ತಂದ್ಕೊಡ್ತೀನಿ ಅಂತಿದ್ಲು. ಅದನ್ನೂ ಕೂತ್ಕೊಂಡು ಟೈಪ್ ಮಾಡಿದೀನಿ."

"ಈಗ ರೇಡಿಯೋದಲ್ಲಿ ಗೊತ್ತಾಯ್ತಲ್ಲ ಅವಳಿಗೆ. ದೊಡ್ಡ ಉಪಕಾರ ಮಾಡಿದೆ ಬಿಡು."

ಗೋಡೆಯಾಚೆ ಯಾರೋ ಟೈಪ್ ಮಾಡುವುದು ನಿಂತು, ಮತ್ತೆ ಶುರುವಾಯಿತು. ಮೇಷ್ಟ್ರು ಬಿಳಿ ಹಾಳೆಯೊಂದನ್ನು ಮುಂದಿಟ್ಟರು.

"ಒಂದು ದಾರಿ ಇದೆ. ಉದ್ದಣ್ಣ."

ಉದ್ದಣ್ಣ ಪಕ್ಕದ ಮೇಜಿನವನು. ಹೋದ ತಿಂಗಳು ಎದೆನೋವು ಬಂದು ಕುರ್ಚಿಯಲ್ಲೇ ಸತ್ತಿದ್ದ.

"ಅವನು ನಿನ್ನ ಯಂತ್ರದಿಂದ ಪ್ರತಿ ತೆಗೆದಿದ್ದ, ನೀನು ಕಣ್ಣಾರೆ ಕಂಡೆ ಅಂತ ಬರಿ. ನಾನೂ ಸಹಿ ಹಾಕ್ತೀನಿ. ಸತ್ತವನನ್ನ ಯಾರೂ ಜೈಲಿಗೆ ಹಾಕಲ್ಲ."

ಅವನು ಪೆನ್ನು ಕೈಗೆತ್ತಿಕೊಂಡ. ಮನೆಯಲ್ಲಿದ್ದ ತನ್ನ ಮಗಳ ನೆನಪಾಯಿತು. ಕೆಟ್ಟ ಉಪಾಯವೇನಲ್ಲ ಅನ್ನಿಸಿತು. ಉದ್ದಣ್ಣನಾಗಿದ್ದರೆ ನಕ್ಕು, "ಬರಿಯೋ, ನನ್ನ ಗಂಟೇನು ಹೋಗುತ್ತೆ" ಎಂದುಬಿಡುತ್ತಿದ್ದ.

"ಅವನ ಕೆಲಸ ಅವನ ಹೆಂಡ್ತಿಗೆ ಕೊಡ್ತಾರಂತಲ್ಲ?"

"ಹೂಂ. ಆದೇಶ ಟೈಪಾಗಿದೆ."

"ಇದನ್ನ ಬರೆದ್ರೆ?"

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಅವನು ಬರೆದ. ಆರು ಸಾಲು, ಕೆಳಗೆ ತನ್ನ ಸಹಿ. ಕಿವಿಯ ವಿಷಯ ಬರೆಯಲಿಲ್ಲ. ಮೇಷ್ಟ್ರು ಹಾಳೆ ಎಳೆದುಕೊಂಡು ಓದಿದರು. ಉದ್ದಣ್ಣನ ಹೆಸರು ಎಲ್ಲೂ ಇರಲಿಲ್ಲ; ಪ್ರತಿ ಮಾಡಿ ಕಳಿಸಿದವನು ನಾನೇ ಎಂದಿತ್ತು.

"ತಾರೀಕು ತಪ್ಪು. ಇವತ್ತು ಹದಿನೇಳು," ಎಂದು ಜೇಬಿನಿಂದ ಕೆಂಪು ಪೆನ್ನು ತೆಗೆದು ತಿದ್ದಿದರು.

ತನಿಖೆಯವರು ಮೂರಕ್ಕೆ ಮುಂಚೆಯೇ ಬಂದರು. ಕಿವಿಯ ವಿಷಯ ಅವರಿಗೆ ಅರ್ಧ ಗಂಟೆಯಲ್ಲಿ ತಿಳಿಯಿತು. ವಾರದೊಳಗೆ ಆ ಕಚೇರಿಯನ್ನೇ ಮುಚ್ಚಿದರು. ಉದ್ದಣ್ಣನ ಹೆಂಡತಿಯ ಆದೇಶಕ್ಕೆ ಸಹಿ ಬೀಳಲಿಲ್ಲ. ಉಳಿದ ನೌಕರರನ್ನು ಬೇರೆ ಕಡೆ ಹಾಕಿ, ಹನ್ನೆರಡು ಯಂತ್ರಗಳನ್ನೂ ಲಾರಿಯಲ್ಲಿ ಬೇರೆ ಕಟ್ಟಡಕ್ಕೆ ಸಾಗಿಸಿದರು. ಒಂದಕ್ಕೂ ಪೆಟ್ಟಾಗಲಿಲ್ಲ.

ಹೋದದ್ದು ಅವನದೂ ಮೇಷ್ಟ್ರದೂ ಉದ್ದಣ್ಣನ ಹೆಂಡತಿಯದೂ ಸೇರಿ ಮೂರು ಜನರ ಕೆಲಸ, ಅವನಿಗೆ ಸರ್ಕಾರ ಕೊಟ್ಟಿದ್ದ ಎರಡು ಕೋಣೆಯ ಮನೆ, ನ್ಯಾಯಾಲಯ ಅವನಿಗೆ ಹೇಳಿದ ಏಳು ವರ್ಷ.