ಬ್ಯಾಚ್ ನಿಲ್ಲಬಾರದು

ನಲವತ್ತು ದಾಟಿದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯೇ. ಆಫೀಸಿನಲ್ಲಿ ಅವಳು ಬರೆಯುವುದು ಫಂಕ್ಷನ್. ಮೊದಲ ಸಲ ಹಾಗೆಂದಾಗ ಅಕ್ಕ ಹೊಲಿಗೆ ಮೆಷಿನ್ ನಿಲ್ಲಿಸಿ, "ಫಂಕ್ಷನ್ ಮಾಡ್ತಾರೆ ಕಣೆ, ಬರೆಯೋದು ಎಂಥದು?" ಎಂದು ನಕ್ಕಿದ್ದಳು.

ಪುಟ್ಟಿ ಬಿಡಿಸಿ ಹೇಳಿದಳು. ಊರಿನ ಲ್ಯಾಬುಗಳಿಂದ ರಕ್ತಪರೀಕ್ಷೆಯ ಫಲಿತಾಂಶಗಳು ದಿನವೂ ಕ್ಲೌಡಿಗೆ, ಎಂದರೆ ಎಲ್ಲೋ ಇರುವ ಬಾಡಿಗೆ ಕಂಪ್ಯೂಟರುಗಳಿಗೆ, ಬಂದು ಬೀಳುತ್ತವೆ. ಅವನ್ನು ರಾಶಿಗಟ್ಟಲೆ ಒಟ್ಟಿಗೇ ಜಾಲಾಡುವುದಕ್ಕೆ ಬ್ಯಾಚ್ ಎನ್ನುತ್ತಾರೆ. ಆ ಕಂಪ್ಯೂಟರಿಗೆ ಕೂಡುವುದು, ಕಳೆಯುವುದು ಮೊದಲೇ ಗೊತ್ತು; ಯಾರ ರಕ್ತ ನೋಡಿ ಗಾಬರಿಯಾಗಬೇಕು ಎನ್ನುವುದು ಗೊತ್ತಿಲ್ಲ. ಅದನ್ನು ನಾವೇ ಬರೆದು ಕಲಿಸಬೇಕು; ಹಾಗೆ ಬರೆದದ್ದೇ ಫಂಕ್ಷನ್. ಪುಟ್ಟಿಯ ಫಂಕ್ಷನ್ ಒಬ್ಬೊಬ್ಬರ ಸಾಲನ್ನೂ ಓದಿ, ಅಂಕಿ ಮಿತಿ ಮೀರಿದ್ದರೆ 'ಕರೆಯಿರಿ' ಎಂದು ಪಕ್ಕದಲ್ಲಿ ಬರೆಯುತ್ತದೆ. ಅಂಥವರ ಫೋನಿಗೆ ಆಸ್ಪತ್ರೆಗೆ ಬನ್ನಿ ಎಂಬ ಮೆಸೇಜ್ ಹೋಗುತ್ತದೆ. ಮೆಸೇಜ್ ಬರದವರು ನಿಶ್ಚಿಂತೆಯಿಂದ ಇರಬಹುದು.

"ಹಾಗಾದ್ರೆ ನಾನೂ ಒಂದು ಸಲ ಚುಚ್ಚಿಸ್ಕೊಂಡು ಬರ್ತೀನಿ," ಎಂದಳು ಅಕ್ಕ. ಹೋಗಿ ಬಂದಳು. ಮೆಸೇಜ್ ಬರಲಿಲ್ಲ. "ನನ್ನ ರಕ್ತ ಪಾಸು" ಎಂದು ಬಟ್ಟೆ ಕೊಡಲು ಬಂದವರಿಗೆಲ್ಲ ಡಂಗುರ ಸಾರಿದಳು.

ವರ್ಷ ಕಳೆಯುತ್ತಿದ್ದಂತೆ ಅದೇ ಅಕ್ಕ ಆಸ್ಪತ್ರೆಯ ಹಾಸಿಗೆ ಹಿಡಿದಳು. ಲಿವರ್ ಕ್ಯಾನ್ಸರ್. ಡಾಕ್ಟರಮ್ಮ ಫೈಲು ಮುಚ್ಚಿ, "ಹೋದ ವರ್ಷ ಸಿಕ್ಕಿದ್ರೆ ಕತ್ತರಿಸಿ ತೆಗೀಬಹುದಿತ್ತು. ಆಗ ಟೆಸ್ಟ್ ಮಾಡಿಸಿರಲಿಲ್ವಾ?" ಎಂದು ಕೇಳಿದರು.

"ಮಾಡಿಸಿದ್ದೆ. ಇವಳ ಆಫೀಸಿನವರು ಏನೂ ಇಲ್ಲ ಅಂದ್ರು," ಎಂದು ಅಕ್ಕ ತಂಗಿಯ ಕಡೆ ಕೈ ತೋರಿಸಿದಳು. ಅದರಲ್ಲಿ ದೂರಿರಲಿಲ್ಲ. ಆಗಲೂ ಅವಳಿಗೆ ತಂಗಿಯ ಬಗ್ಗೆ ಹೆಮ್ಮೆಯೇ.

ಮರುದಿನ ಪುಟ್ಟಿ ಆಫೀಸಿನಲ್ಲಿ ಅಕ್ಕನ ಸಾಲನ್ನು ಹುಡುಕಿ ತೆಗೆದಳು. ಲಿವರ್ ಕ್ಯಾನ್ಸರಿನ ಸುಳಿವು ಕೊಡುವ ಪರೀಕ್ಷೆಯ ಫಲಿತಾಂಶದ ಜಾಗದಲ್ಲಿ 'ಸಾವಿರಕ್ಕಿಂತ ಹೆಚ್ಚು' ಎಂದಿತ್ತು. ಪಕ್ಕದಲ್ಲಿ, ಅವಳ ಫಂಕ್ಷನ್ ಬರೆಯಬೇಕಾಗಿದ್ದ ಜಾಗ, ಖಾಲಿ. ಏನಾಗಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಲ್ಯಾಬಿನ ಮೆಷಿನ್ ಸಾವಿರದವರೆಗೆ ಮಾತ್ರ ಅಳೆಯುತ್ತದೆ. ಅದನ್ನೂ ಮೀರಿದರೆ ಅಂಕಿ ಕೊಡದೆ, ಹೀಗೆ ಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳುತ್ತದೆ. ಫಂಕ್ಷನ್‌ಗೋ ಅಂಕಿ ಬಿಟ್ಟರೆ ಬೇರೇನೂ ಓದಲು ಬಾರದು. ಶುರುವಿನಲ್ಲಿ ಇಂಥದೊಂದು ಸಾಲು ಅಡ್ಡ ಬಂದು ಇಡೀ ಬ್ಯಾಚೇ ಮುಗ್ಗರಿಸಿ ನಿಂತಿತ್ತು. ಆಫೀಸಿನವರು 'ನಿಲ್ಲಬಾರದು ಸಾರ್' ಎಂದೇ ಅಡ್ಡಹೆಸರಿಟ್ಟಿದ್ದ ಮ್ಯಾನೇಜರು ಅವಳ ಕುರ್ಚಿಯ ಹಿಂದೆ ಬಂದು ನಿಂತು, "ಏನಾದ್ರೂ ಮಾಡಮ್ಮ, ಬ್ಯಾಚ್ ನಿಲ್ಲಬಾರದು" ಎಂದಿದ್ದರು. ಪುಟ್ಟಿ ಫಂಕ್ಷನ್‌ನಲ್ಲಿ ಒಂದು ಸಾಲು ಸೇರಿಸಿದ್ದಳು: ಓದಲಾಗದಿದ್ದರೆ ಖಾಲಿ ಬಿಟ್ಟು ಮುಂದೆ ಹೋಗು. ಖಾಲಿ ಉಳಿದವನ್ನು ಆಮೇಲೆ ನೋಡಿದರಾಯಿತು ಎಂದುಕೊಂಡಿದ್ದಳು. ಬ್ಯಾಚ್ ಮತ್ತೆಂದೂ ನಿಲ್ಲಲಿಲ್ಲ, ಆ 'ಆಮೇಲೆ'ಯೂ ಬರಲಿಲ್ಲ. ಅಲ್ಪಸ್ವಲ್ಪ ಕಾಯಿಲೆಯವರಿಗೆಲ್ಲ ಮೆಸೇಜ್ ಹೋಯಿತು. ಎಲ್ಲರಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದವರನ್ನೇ ಅವಳ ಜಾಣತನ ಆರಿಸಿ ಆರಿಸಿ ಕೈಬಿಟ್ಟಿತ್ತು.

ಮ್ಯಾನೇಜರು ಕೇಳಿ ಬೆವರು ಒರೆಸಿಕೊಂಡರು. "ಇವತ್ತಿಂದ ಸರಿ ಮಾಡಿ, ಸಾಕು. ಹಳೇದನ್ನ ಮುಟ್ಟಬೇಡಿ. ಹೂತಿಟ್ಟ ಹೆಣ ಯಾಕೆ ಕೆದಕ್ತೀರಾ?"

"ಇನ್ನೂ ಹೂಳದೇ ಇರೋರೂ ಇದ್ದಾರೆ ಸಾರ್," ಎಂದು ಪುಟ್ಟಿ ಎದ್ದು ಬಂದಳು.

ಫಂಕ್ಷನ್ ತಿದ್ದಿದಳು. ಹಳೆಯ ಬ್ಯಾಚುಗಳನ್ನು ಮತ್ತೆ ಓಡಿಸಿದರೆ ಬಿಟ್ಟುಹೋದವರೆಲ್ಲರಿಗೂ ಮೆಸೇಜ್ ಹೋಗುತ್ತದೆ, ಅಕ್ಕನಿಗೂ. ಅಕ್ಕನ ಸಾಲೊಂದನ್ನು ಬಿಟ್ಟು ಮುಂದೆ ಹೋಗು ಎಂದು ಬರೆಯುವುದು ಅವಳಿಗೆ ಎಡಗೈ ಕೆಲಸ. ಬರೆದಳು ಕೂಡ. ಅಕ್ಕ ಇರುವಷ್ಟು ದಿನವಾದರೂ ತಾನು ಅವಳ ಪಾಲಿಗೆ ಮೊದಲಿನ ತಂಗಿಯಾಗಿಯೇ ಉಳಿಯಬೇಕೆಂಬ ಆಸೆ. ಬರೆದದ್ದನ್ನು ಓದಿಕೊಂಡಳು. ಅವತ್ತು ಬರೆದದ್ದನ್ನೇ ಇವತ್ತೂ ಬರೆದಿದ್ದಳು, ಈ ಸಲ ಗೊತ್ತಿದ್ದೂ ಗೊತ್ತಿದ್ದೂ. ಅಳಿಸಿದಳು. ಬ್ಯಾಚ್ ಓಡಲು ಬಿಟ್ಟು, ಮೆಸೇಜಿಗಿಂತ ಮೊದಲು ತಾನೇ ಹೇಳಿಬಿಡಬೇಕೆಂದು ಆಸ್ಪತ್ರೆಗೆ ಹೊರಟಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಬಸ್ಸಿನುದ್ದಕ್ಕೂ ಅವಳ ತಲೆಯಲ್ಲಿ ಅದೊಂದೇ ಮಾತು.

ಅಕ್ಕ ದಿಂಬಿಗೆ ಒರಗಿ ಎಚ್ಚರವಾಗಿದ್ದಳು. "ಬಂದ್ಯಾ? ತಲೆ ಬಾಚು ಬಾ. ಆ ನರ್ಸಮ್ಮ ಬಾಚಿದ್ರೆ ಯಾರದೋ ಸಿಟ್ಟು ನನ್ನ ಮೇಲೆ ತೀರಿಸ್ಕೊಂಡ ಹಾಗಿರತ್ತೆ," ಎಂದು ಬೆನ್ನು ತಿರುಗಿಸಿ ಕೂತಳು. ಪುಟ್ಟಿ ಬಾಚಣಿಗೆ ಎತ್ತಿಕೊಂಡಳು. ಜಡೆ ಮುಗಿಸಿ ಹೇಳೋಣ ಎಂದುಕೊಂಡಳು. ಸಿಕ್ಕು ಬಿಡಿಸಿ, ಜಡೆ ಅರ್ಧ ಹೆಣೆದಿದ್ದಾಗ ಅಕ್ಕನ ಫೋನ್ ಸದ್ದು ಮಾಡಿತು.

ಅಕ್ಕ ಗಟ್ಟಿಯಾಗಿ ಓದಿದಳು. "ನಿಮ್ಮ ರಕ್ತಪರೀಕ್ಷೆಯಲ್ಲಿ ತೊಂದರೆ ಕಂಡುಬಂದಿದೆ. ದಯವಿಟ್ಟು ಕೂಡಲೇ ಆಸ್ಪತ್ರೆಗೆ ಬನ್ನಿ. ಇದೇನೆ? ತಾರೀಖು ಹೋದ ವರ್ಷದ್ದಿದೆ."

ಪುಟ್ಟಿ ಹೇಳಿದಳು. ಮ್ಯಾನೇಜರ ಸುದ್ದಿ ಎತ್ತಲಿಲ್ಲ, ಮೆಷಿನ್ನನ್ನು ದೂರಲಿಲ್ಲ. ಖಾಲಿ ಬಿಟ್ಟು ಮುಂದೆ ಹೋಗು ಎಂದು ಬರೆದದ್ದು ನಾನೇ ಎಂದಳು.

"ನನ್ನದು ಅಂತ ಗೊತ್ತಿತ್ತಾ ಆಗ?"

"ಇಲ್ಲ ಅಕ್ಕ. ಯಾರದು ಅಂತ್ಲೂ ಗೊತ್ತಿರಲಿಲ್ಲ. ನೋಡಲೇ ಇಲ್ಲ."

ಅಕ್ಕನ ಮುಖ ಆ ಕಡೆಗಿತ್ತು. ಭುಜಗಳು ಮಾತ್ರ ಒಮ್ಮೆ ಮೇಲೆದ್ದು ಇಳಿದವು. "ಕತ್ತರಿಸಿ ತೆಗೀಬಹುದಿತ್ತು ಅಂದ್ರಲ್ವಾ ಡಾಕ್ಟರು," ಎಂದಳು. ಫೋನನ್ನು ಮಗುಚಿಟ್ಟು, ದನಿ ಏರಿಸದೆ ಹೇಳಿದಳು: "ನಾಳೆಯಿಂದ ನೀನು ಬರಬೇಡ ಪುಟ್ಟಿ. ನಿಮ್ಮ ಭಾವ ಇರ್ತಾರೆ. ನಿನ್ನ ಮುಖ ನೋಡ್ಕೊಂಡು ಸಾಯೋಕೆ ನನ್ನ ಕೈಲಾಗಲ್ಲ."

ಜಡೆ ಇನ್ನೂ ಪುಟ್ಟಿಯ ಕೈಯಲ್ಲೇ ಇತ್ತು. ಇದನ್ನೊಂದು ಮುಗಿಸಲಾ ಎಂದು ಕೇಳಿದಳು. ಅಕ್ಕ ತಲೆಯನ್ನು ಮುಂದಕ್ಕೆ ಸರಿಸಿ ಕೂದಲನ್ನು ಬಿಡಿಸಿಕೊಂಡಳು.